ಬೆಳಗಿನ ಅಮ್ಮ, ಸಂಜೆಯ ಅಮ್ಮ

ತಮ್ಮಾ, ಟೊರಾಂಟೊದಲ್ಲಿ ಬಾಡಿಗೆ ಎಷ್ಟು, ಚಳಿಗೆ ಯಾವ ಕೋಟು ಎಂದು ಕೇಳಿದ್ದೀಯೆ. ಬಾಡಿಗೆ ಅರ್ಧ ಸಂಬಳ ನುಂಗುತ್ತದೆ. ಕೋಟನ್ನು ಇಲ್ಲಿಯೇ ಕೊಂಡುಕೋ, ಚಿಕ್ಕಪೇಟೆಯ ಸ್ವೆಟರ್ ನವೆಂಬರ್ ದಾಟುವುದಿಲ್ಲ. ಅದಿರಲಿ. ಕೋಲಾರದಲ್ಲಿ ಒಬ್ಬರೇ ಇರುವ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದನ್ನೇ ಹೇಳುತ್ತಾರೆ, ಅರವತ್ತಕ್ಕೆ ಅರಳು ಮರಳು ತಾನೇ ಎಂದು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ನನಗೆ ಹೇಳಬೇಕಾದದ್ದೆಲ್ಲ ಅದರ ಬಗ್ಗೆಯೇ.

ನಾನೂ ಎರಡು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಕರೆ ಮಾಡುತ್ತಿದ್ದೆ. ಚಳಿಗಾಲದಲ್ಲಿ ಆಗ ನಮ್ಮೂರು ಶ್ರೀನಿವಾಸಪುರದಲ್ಲಿ ಬೆಳಗಿನ ಆರೂವರೆ. ಕಾಫಿ ಕುಡಿದು ಕುಳಿತ ನಮ್ಮಮ್ಮ ಮಾವಿನ ಹೂವು, ಪಕ್ಕದ ಮನೆಯ ಮದುವೆ ಎಲ್ಲವನ್ನೂ ಚೊಕ್ಕವಾಗಿ ಹೇಳುತ್ತಿದ್ದಳು. ರಜೆಗೆ ಹೋದಾಗ ಫ್ರಿಜ್ ತೆಗೆದರೆ ಹನ್ನೊಂದು ಹಾಲಿನ ಪೊಟ್ಟಣ, ಅಡಿಯವು ಉಬ್ಬಿಕೊಂಡಿದ್ದವು. ದೀಪ ಹಚ್ಚುವ ಹೊತ್ತಿಗೆ ಕೈಚೀಲ ಹಿಡಿದು ಬಾಗಿಲಿಗೆ ಬಂದಳು: "ಹೊತ್ತಾಯಿತು, ನಮ್ಮ ಮನೆಗೆ ಹೋಗುತ್ತೇನೆ." ನಲವತ್ತು ವರ್ಷ ಬಾಳಿದ ಮನೆಯ ಹೊಸ್ತಿಲಲ್ಲಿ ನಿಂತು! ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆ ಇರುವ ಹಲವರಿಗೆ ಗೊಂದಲ ಹೆಚ್ಚುವುದು ಇಳಿಹೊತ್ತಿನಲ್ಲಿ ಎಂದು ಆಮೇಲೆ ತಿಳಿಯಿತು. ನಾನು ಬೆಳಗಿನ ಅಮ್ಮನ ಜೊತೆಗಷ್ಟೇ ಮಾತನಾಡುತ್ತಿದ್ದೆ.

ಇದು ಮುಪ್ಪಿನ ಮರೆವಲ್ಲ, ಮಿದುಳಿನ ಕಾಯಿಲೆ. ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ರೋಗವನ್ನು ಜರ್ಮನ್ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ವಿವರಿಸಿದರು. ಅವರ ಆ ರೋಗಿ ಆಸ್ಪತ್ರೆಗೆ ಬಂದಾಗ ಆಕೆಗೆ ಬರೀ 51. ಆದರೆ ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. "ವಯಸ್ಸಾಯಿತಲ್ಲ" ಎಂದು ಕೈತೊಳೆದುಕೊಳ್ಳುವ ವೈದ್ಯರು ನನಗೂ ಸಿಕ್ಕಿದ್ದರು. ಅಲ್ಲಿಗೇ ನಿಲ್ಲಿಸಬೇಡ, ಊರಿನಲ್ಲಿರುವ ಯಾರಾದರೂ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಲಿ. ಯಾರೂ ಸಿಗದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ಬಂಧುಗಳು ನಾಚಿಕೆಪಟ್ಟರೆ ನಮ್ಮ ಶ್ರೀನಿವಾಸಪುರದ ಹಳ್ಳಿಗಳ ಕಥೆ ಹೇಳು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಅಲ್ಲಿ 45 ದಾಟಿದ ಹತ್ತು ಸಾವಿರ ಜನರ ನೆನಪು, ರಕ್ತ ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸುವ ಅಧ್ಯಯನ ಹಿಡಿದಿದ್ದಾರೆ. ರಾಗಿ ಬೆಳೆಯುವವರು ನಾಚದೆ ಕುಳಿತು ಉತ್ತರ ಹೇಳುತ್ತಾರೆ.

ಒಂದು ಮಾತು: ತಿದ್ದಲು ಹೋಗಬೇಡ. ನಮ್ಮಮ್ಮ ಈಗ ನನ್ನನ್ನು ತೀರಿಹೋದ ತನ್ನ ತಮ್ಮ ಎಂದುಕೊಂಡು ಮಾತನಾಡುತ್ತಾಳೆ. ಮೊದಮೊದಲು ವಾದಿಸಿ ಇಬ್ಬರೂ ಅತ್ತದ್ದಿದೆ. ಈಗ "ಹೇಳಕ್ಕಾ" ಎನ್ನುತ್ತೇನೆ, ಕೆರೆ ಏರಿಯ ಮೇಲೆ ಬಿದ್ದ ಕಥೆ ಇನ್ನೊಮ್ಮೆ ಬರುತ್ತದೆ.

ಈ ಭಾನುವಾರ ನಿನ್ನ ಬೆಳಗಿನ ಎಂಟಕ್ಕೆ ಕರೆ ಮಾಡು. ಅಲ್ಲಿ ಸಂಜೆಯಾಗಿರುತ್ತದೆ. ಒಲೆಯ ಮೇಲೆ ಏನಿದೆ ಎಂದು ಕೇಳಿ, ಫೋನನ್ನು ಅಡುಗೆಮನೆಯ ಕಡೆ ತಿರುಗಿಸಲು ಹೇಳು.