ನಟ್ಟುಗಳನ್ನೆಲ್ಲ ತೆಗೆದ ಮೇಲೂ ಕಾರಿನ ಚಕ್ರ ಕಳಚಿಕೊಳ್ಳದಿದ್ದರೆ

ಒಂದು ಕಿಲೋದ ಸುತ್ತಿಗೆಯೂ ಬೇಡ, ಎರಡು ಕಿಲೋದ್ದೂ ಬೇಡ. ಪಂಕ್ಚರ್ ಆದ ಚಕ್ರದ ನಾಲ್ಕೂ ನಟ್ಟುಗಳನ್ನು ತೆಗೆದ ಮೇಲೂ ಅದು ಹಬ್ಬಿಗೆ (ಚಕ್ರ ಕೂರುವ ನಡುವಿನ ಲೋಹದ ಭಾಗಕ್ಕೆ) ಕಚ್ಚಿಕೊಂಡೇ ಇತ್ತು, ಇನ್ನು ಮುಂದೆ ಡಿಕ್ಕಿಯಲ್ಲಿ ಎಷ್ಟು ತೂಕದ ಸುತ್ತಿಗೆ ಇಟ್ಟುಕೊಳ್ಳಲಿ ಎಂದು ನೀವು ಕೇಳಿದ್ದೀರಿ. ಸುತ್ತಿಗೆಯೊಂದು ಇದ್ದಿದ್ದರೆ ಸಾಕಿತ್ತು ಎಂದು ಅಂದುಕೊಳ್ಳುತ್ತಲೇ ನಾನೂ ಎಂಟು ವರ್ಷಗಳ ಹಿಂದೆ ಅಂಥದೇ ಚಕ್ರದ ಎದುರು ಮಳೆಯಲ್ಲಿ ಕುಳಿತಿದ್ದೆ.

ಅದು ಜುಲೈ ತಿಂಗಳು. ನಾನೂ ನನ್ನ ತಮ್ಮನೂ ಉಡುಪಿಯಿಂದ ಶೃಂಗೇರಿಗೆ ಹೊರಟಿದ್ದೆವು. ಹೆಬ್ರಿಯನ್ನು ದಾಟಿ ಸೋಮೇಶ್ವರ ಹತ್ತಿರವಾಗುತ್ತಿದ್ದಾಗ, ಆಗುಂಬೆ ಘಾಟಿ ಶುರುವಾಗುವುದಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ, ಮುಂದಿನ ಎಡಚಕ್ರದ ಗಾಳಿ ಪೂರ್ತಿ ಇಳಿಯಿತು. ಡಾಂಬರಿನ ಅಂಚು ಬಿಟ್ಟು ಕಾರನ್ನು ಪಕ್ಕದ ಮಣ್ಣಿಗೆ ಇಳಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಅನಂತರ ಜಾಕ್ ಏರಿಸಿದೆ. ನಟ್ಟುಗಳನ್ನು ಒಂದೊಂದಾಗಿ ತೆಗೆದು, ಕಳೆದುಹೋಗಬಾರದೆಂದು ವೀಲ್ ಕ್ಯಾಪಿನೊಳಗೆ ಹಾಕಿಟ್ಟೆ. ಚಕ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ, ಆಗಲಿಲ್ಲ. ಬೂಟುಗಾಲಿನಿಂದ ಟೈರಿನ ಕೆಳಭಾಗಕ್ಕೆ ಒದೆಯತೊಡಗಿದೆ. ತಮ್ಮನಿಗೆ, ನೀನು ಮೇಲಿನಿಂದ ಕೈ ಹಾಕಿ ಒಳಗಿನಿಂದ ಹೊರಕ್ಕೆ ತಳ್ಳು ಎಂದೆ. ಅವನು ಮಡ್‌ಗಾರ್ಡಿಗೂ ಟೈರಿಗೂ ನಡುವಿನ ಸಂದಿಯಲ್ಲಿ ಬೆರಳು ತೂರಿಸಿದ. ನಾಲ್ಕನೆಯದೋ ಐದನೆಯದೋ ಒದೆತಕ್ಕೆ ಚಕ್ರ ಒಮ್ಮೆಲೇ ಹಬ್ಬಿನಿಂದ ಬಿಟ್ಟುಕೊಂಡಿತು, ಅದೇ ಗಳಿಗೆಯಲ್ಲಿ ಒದ್ದೆ ಮಣ್ಣಿನಲ್ಲಿ ಆಗಲೇ ಒಂದು ಮಗ್ಗುಲಿಗೆ ಹೂತಿದ್ದ ಜಾಕ್ ವಾಲಿ ಮಗುಚಿತು. ಕಾರಿನ ಭಾರವೆಲ್ಲ ಓರೆಯಾದ ಚಕ್ರದ ಮೇಲೆ ಕುಸಿಯಿತು. ತಮ್ಮನ ಬಲಗೈಯ ಎರಡು ಬೆರಳುಗಳು ಟೈರಿಗೂ ಮಡ್‌ಗಾರ್ಡಿನ ತಗಡಿಗೂ ನಡುವೆ ಸಿಕ್ಕಿಕೊಂಡವು. ಹಿಂದಿನಿಂದ ಬರುತ್ತಿದ್ದ ಜೀಪಿನ ನಾಲ್ವರು ಇಳಿದು ಬಂದು ಕಾರನ್ನು ಎತ್ತಿ ಹಿಡಿದದ್ದರಿಂದ ಕೈ ಹೊರಬಂತು. ಮಧ್ಯದ ಬೆರಳಿನ ಮೂಳೆ ಮುರಿದಿತ್ತು. ಅದರ ತುದಿಯ ಗೆಣ್ಣು ಇಂದಿಗೂ ಪೂರ್ತಿ ಮಡಚುವುದಿಲ್ಲ. ಬ್ರೇಕ್ ಡಿಸ್ಕ್ ಮತ್ತು ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋವರ್ ಆರ್ಮ್ ಎರಡನ್ನೂ ಬದಲಿಸಬೇಕಾಯಿತು.

ನನ್ನ ತಪ್ಪು ಯಾವುದು ಎಂದು ಕೇಳಿದವರೆಲ್ಲ ತಾವೇ ಉತ್ತರವನ್ನೂ ಕೊಡುತ್ತಿದ್ದರು: ಮಣ್ಣಿನ ಮೇಲೆ ಜಾಕ್ ಇಟ್ಟದ್ದು, ಕೆಳಗೆ ಹಲಗೆ ಕೊಡದೆ ಇದ್ದದ್ದು, ಕಾಲಿನಿಂದ ಒದ್ದದ್ದು. ಇವೆಲ್ಲವೂ ತಪ್ಪುಗಳೇ. ಆದರೆ ಇವು ಆಮೇಲಿನವು. ಮೂಲ ತಪ್ಪನ್ನು ತೋರಿಸಿಕೊಟ್ಟವರು ಹೆಬ್ರಿಯ ಒಬ್ಬ ವಯಸ್ಸಾದ ಪಂಕ್ಚರ್ ಅಂಗಡಿಯವರು. ಮರುದಿನ ಕಾರನ್ನು ಸಾಗಿಸಲು ಹೋದಾಗ ಅವರು ಎಲ್ಲವನ್ನೂ ಕೇಳಿಸಿಕೊಂಡು, "ಚಕ್ರ ಬಿಡುವ ಮೊದಲೇ ನಟ್ಟು ಪೂರ್ತಿ ತೆಗೆದದ್ದು ಯಾಕೆ ಮಾರಾಯ್ರೇ?" ಎಂದಷ್ಟೇ ಕೇಳಿದರು.

ಆ ಪ್ರಶ್ನೆಯನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವು ಮಾಡಿದ್ದೂ ಅದನ್ನೇ. ನಟ್ಟುಗಳನ್ನು ಪೂರ್ತಿ ತೆಗೆದ ಗಳಿಗೆಯಲ್ಲಿ ಚಕ್ರವನ್ನು ಹಿಡಿದಿರುವುದು ತುಕ್ಕು ಮಾತ್ರ, ಕಾರನ್ನು ಹಿಡಿದಿರುವುದು ಜಾಕ್ ಮಾತ್ರ. ತುಕ್ಕು ಯಾವಾಗ ಬಿಡುತ್ತದೆಂದು ಯಾರೂ ಹೇಳಲಾರರು. ಬಿಟ್ಟಾಗ ಚಕ್ರ ಎಷ್ಟು ದೂರ ಸರಿಯಬೇಕೆಂಬುದಕ್ಕೂ ಮಿತಿ ಇರುವುದಿಲ್ಲ. ಇನ್ನು, ಕಾರಿನ ಜೊತೆ ಬರುವ ಕತ್ತರಿ ಜಾಕ್ ನೇರವಾಗಿ ಕೆಳಕ್ಕೆ ಒತ್ತುವ ಭಾರವನ್ನು ತಾಳಲೆಂದು ಮಾಡಿದ್ದೇ ಹೊರತು ಅಡ್ಡದಿಂದ ಬೀಳುವ ಏಟನ್ನು ತಾಳಲೆಂದಲ್ಲ. ಒದೆತವಾಗಲಿ ಸುತ್ತಿಗೆಯ ಏಟಾಗಲಿ ಅಡ್ಡದ ಬಲವೇ. ಸುತ್ತಿಗೆ ಭಾರವಾದಷ್ಟೂ ಜಾಕ್ ಮಗುಚುವ ಅಪಾಯ ಹೆಚ್ಚು. ಅದೇ ನಾಲ್ಕು ನಟ್ಟುಗಳು ತಮ್ಮ ಬೋಲ್ಟುಗಳ ಮೇಲೆ ಎರಡು ಸುತ್ತು ಸಡಿಲವಾಗಿ ಉಳಿದಿದ್ದರೆ ಚಕ್ರ ಎರಡು ಮೂರು ಮಿಲಿಮೀಟರ್ ಸರಿದು ಅಲ್ಲಿಯೇ ತಡೆದು ನಿಲ್ಲುತ್ತಿತ್ತು. ಅದಕ್ಕಿಂತಲೂ ಮುಖ್ಯವಾಗಿ, ನಾನು ಕಾರನ್ನು ಕೆಳಗಿಳಿಸಬಹುದಿತ್ತು. ಚಕ್ರವನ್ನು ಬಿಡಿಸಬೇಕಾದದ್ದು ಕಾರು ಜಾಕಿನ ಮೇಲಿರುವಾಗ ಅಲ್ಲ, ನೆಲದ ಮೇಲಿರುವಾಗ. ಸುಮಾರು ಒಂದು ಟನ್ ತೂಕದ ಕಾರೇ ನಿಮ್ಮ ಕೈಯಲ್ಲಿರುವಾಗ ಎರಡು ಕಿಲೋದ ಸುತ್ತಿಗೆಯನ್ನು ಹುಡುಕುವುದು ನನಗಂತೂ ಸರಿಯೆನಿಸುವುದಿಲ್ಲ.

ಈಗ ನಾನು ಮಾಡುವ ಕ್ರಮ ಹೀಗಿದೆ. ಚಕ್ರ ಬರುವುದಿಲ್ಲವೆಂದು ತಿಳಿದ ಕೂಡಲೇ ತೆಗೆದ ನಟ್ಟುಗಳನ್ನು ಮತ್ತೆ ಹಾಕಿ, ಬೆರಳಿನಲ್ಲೇ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಒಂದು ಸುತ್ತು, ಹೆಚ್ಚೆಂದರೆ ಎರಡು ಸುತ್ತು ಹಿಂದಕ್ಕೆ ಬಿಡುತ್ತೇನೆ. ಕೆಲವು ಕಂಪನಿಗಳ ಕಾರುಗಳಲ್ಲಿ ನಟ್ಟಿನ ಬದಲು ಹಬ್ಬಿನೊಳಗೆ ಹೋಗುವ ಬೋಲ್ಟುಗಳೇ ಇರುತ್ತವೆ, ಅವಕ್ಕೂ ಇದೇ ಲೆಕ್ಕ. ಅನಂತರ ಜಾಕ್ ಇಳಿಸಿ ಬದಿಗಿಡುತ್ತೇನೆ. ಕಾರಿನ ಭಾರ ಚಕ್ರದ ಮೇಲೆ ಬರುತ್ತಿದ್ದಂತೆಯೇ ಹಲವು ಬಾರಿ "ಟಪ್" ಎಂಬ ಸದ್ದು ಕೇಳಿ ತುಕ್ಕು ಬಿಟ್ಟಿರುತ್ತದೆ. ಬಿಡದಿದ್ದರೆ ಕಾರನ್ನು ಬದಿಯಿಂದ ಕೈಯಲ್ಲಿ ತಳ್ಳಿ ತಳ್ಳಿ ತೂಗುತ್ತೇನೆ. ಮುಂದಿನ ಚಕ್ರವಾದರೆ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸುತ್ತೇನೆ. ಅದಕ್ಕೂ ಬಗ್ಗದಿದ್ದರೆ ಕಲ್ಲುಗಳನ್ನು ತೆಗೆದು, ಮೊದಲ ಗೇರಿನಲ್ಲಿ ಒಂದಡಿ ಮುಂದೆ ಹೋಗಿ ಬ್ರೇಕ್ ಒತ್ತುತ್ತೇನೆ, ರಿವರ್ಸಿನಲ್ಲಿ ಒಂದಡಿ ಹಿಂದೆ ಬಂದು ಮತ್ತೆ ಒತ್ತುತ್ತೇನೆ. ಸದ್ದು ಕೇಳಿದ ತಕ್ಷಣ ನಿಲ್ಲಿಸಬೇಕು, ಸಡಿಲ ನಟ್ಟಿನಲ್ಲಿ ಅದಕ್ಕಿಂತ ಒಂದು ಗೇಣೂ ಓಡಿಸಬಾರದು. ಆಮೇಲೆ ಮತ್ತೆ ಜಾಕ್ ಏರಿಸಿ ನಟ್ಟುಗಳನ್ನು ತೆಗೆದರೆ ಚಕ್ರ ಕೈಗೆ ಬರುತ್ತದೆ. ಅಪಘಾತದ ಎರಡು ವರ್ಷಗಳ ನಂತರ ಇದೇ ಕಾರಿನ ಹಿಂದಿನ ಚಕ್ರ ಕಚ್ಚಿಕೊಂಡಾಗ ಎರಡನೆಯ ಬ್ರೇಕಿಗೇ ಬಿಟ್ಟುಕೊಂಡಿತು. ಆ ಸದ್ದು ಕೇಳಿದಾಗ ನನ್ನ ತಮ್ಮ ಪಕ್ಕದಲ್ಲೇ ನಿಂತಿದ್ದ. ನನಗೆ ತುಂಬ ಹೊತ್ತು ಮಾತು ಹೊರಡಲಿಲ್ಲ.

ಇದನ್ನು ಸಮತಟ್ಟಾದ ಜಾಗದಲ್ಲಿ, ವಾಹನಗಳ ಓಡಾಟ ಇಲ್ಲದ ಕಡೆ ಮಾತ್ರ ಮಾಡಬೇಕು. ಘಾಟಿಯ ಇಳಿಜಾರಿನಲ್ಲಿ ಚಕ್ರ ಕಚ್ಚಿಕೊಂಡರೆ ಮೆಕ್ಯಾನಿಕ್ ಬರುವವರೆಗೆ ಕಾಯಿರಿ. ಹಬ್ಬಿಗೂ ರಿಮ್ಮಿಗೂ ನಡುವಿನ ಸಂದಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಡಿ ಎಂದು ಹಲವರು ಹೇಳುತ್ತಾರೆ; ಅದರಿಂದ ಪ್ರಯೋಜನವಿದೆ, ಆದರೆ ಆ ಎಣ್ಣೆ ಡಿಸ್ಕಿಗೋ ಬ್ರೇಕ್ ಪ್ಯಾಡಿಗೋ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ, ಆದ್ದರಿಂದ ದಾರಿಯಲ್ಲಿ, ಮಳೆಯಲ್ಲಿ, ಅವಸರದಲ್ಲಿ ಅದನ್ನು ಬಳಸುವುದು ನನಗೆ ಸಮ್ಮತವಲ್ಲ. ಸುತ್ತಿಗೆಯಿಂದ ಅಲಾಯ್ ರಿಮ್ಮಿಗೆ ಹೊಡೆದರೆ ಅದು ಬಿರುಕು ಬಿಡಬಹುದು, ಕಬ್ಬಿಣದ ರಿಮ್ಮಾದರೆ ಅಂಚು ಬಾಗಿ ಟ್ಯೂಬ್‌ಲೆಸ್ ಟೈರಿನ ಗಾಳಿ ಸೋರಬಹುದು.

ಚಕ್ರ ಕಚ್ಚಿಕೊಳ್ಳುವುದೇಕೆಂದು ತಿಳಿದರೆ ಮುಂದೆ ಇಂಥ ಪ್ರಸಂಗವೇ ಬಾರದಂತೆ ನೋಡಿಕೊಳ್ಳಬಹುದು. ರಿಮ್ಮಿನ ನಡುವಿನ ರಂಧ್ರ ಹಬ್ಬಿನ ಉಬ್ಬಿದ ಬಳೆಯ ಮೇಲೆ ಬಹಳ ಬಿಗಿಯಾಗಿ ಕೂರುತ್ತದೆ. ಅಲ್ಲಿ ನೀರು ನಿಂತು ಕಬ್ಬಿಣ ತುಕ್ಕಾದರೆ, ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಬೆಣೆ ಹೊಡೆದಂತೆ ಎರಡನ್ನೂ ಬಿಗಿದುಬಿಡುತ್ತದೆ. ಅಲಾಯ್ ಚಕ್ರಗಳಲ್ಲಿ ಅಲ್ಯೂಮಿನಿಯಮ್ಮೂ ಕಬ್ಬಿಣವೂ ಒಂದಕ್ಕೊಂದು ತಾಗಿರುವುದರಿಂದ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಬೇಗ ಸವೆದು ಬಿಳಿಯ ಪುಡಿಗಟ್ಟುತ್ತದೆ. ನಿಮ್ಮ ಕಾರು ಸುರತ್ಕಲ್‌ನಲ್ಲಿ, ಸಮುದ್ರಕ್ಕೆ ಹತ್ತಿರದಲ್ಲೇ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಸೇರಿದರೆ ಬೇರೆ ಕಾರಣ ಬೇಕಿಲ್ಲ. ಜೊತೆಗೆ, ಟ್ಯೂಬ್‌ಲೆಸ್ ಟೈರುಗಳು ಬಂದ ಮೇಲೆ ಸಣ್ಣ ಪಂಕ್ಚರನ್ನು ಚಕ್ರ ಬಿಚ್ಚದೆ ಅಲ್ಲಿಯೇ ಬತ್ತಿ ತೂರಿಸಿ ಮುಚ್ಚುತ್ತಾರೆ, ಹಾಗಾಗಿ ವರ್ಷಗಟ್ಟಲೆ ಚಕ್ರ ಹಬ್ಬಿನಿಂದ ಕೆಳಗಿಳಿಯುವುದೇ ಇಲ್ಲ. ನನ್ನ ಕಾರಿನ ಆ ಚಕ್ರ ಮೂರು ವರ್ಷ ಅಲುಗಿರಲಿಲ್ಲ.

ಆದುದರಿಂದ ಸ್ಟೆಪ್ನಿ ಹಾಕಿಕೊಂಡು ಮನೆ ತಲುಪಿದ್ದೀರಿ ಎಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ನಿಮ್ಮ ಉಳಿದ ಮೂರು ಚಕ್ರಗಳೂ ನಾಲ್ಕು ವರ್ಷ ಅದೇ ಗಾಳಿಯಲ್ಲಿ, ಅದೇ ನೀರಿನಲ್ಲಿ ಇದ್ದವು. ಬಿಸಿಲಿರುವ ಒಂದು ಭಾನುವಾರ ಮನೆಯಂಗಳದ ಸಿಮೆಂಟು ನೆಲದ ಮೇಲೆ ಅವನ್ನು ಒಂದೊಂದಾಗಿ, ನಾನು ಹೇಳಿದ ಕ್ರಮದಲ್ಲೇ ಬಿಡಿಸಿ. ಚಕ್ರ ಹೊರಗಿರುವಷ್ಟು ಹೊತ್ತು ಸ್ಟೆಪ್ನಿಯನ್ನು ಕಾರಿನ ಅಡಿಯಲ್ಲಿ, ಜಾಕಿನ ಪಕ್ಕ ಮಲಗಿಸಿಡಿ. ಜಾಕ್ ಸೋತರೂ ಕಾರು ಅದರ ಮೇಲೆ ನಿಲ್ಲುತ್ತದೆ. ಹಬ್ಬಿನ ಬಳೆಯನ್ನೂ ರಿಮ್ಮಿನ ರಂಧ್ರದ ಒಳಅಂಚನ್ನೂ ತಂತಿಬ್ರಷ್ಷಿನಿಂದ ಹೊಳೆಯುವಂತೆ ತಿಕ್ಕಿ, ಆ ಬಳೆಗೆ ಮಾತ್ರ, ಲೋಹಗಳು ಒಂದಕ್ಕೊಂದು ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟನ್ನು ತೆಳ್ಳಗೆ ಸವರಿ. ಬೋಲ್ಟಿನ ಥ್ರೆಡ್‌ಗೂ ನಟ್ಟು ಕೂರುವ ಜಾಗಕ್ಕೂ ಅದನ್ನು ಸೋಕಿಸಬೇಡಿ, ಏಕೆಂದರೆ ಜಿಡ್ಡಾದ ನಟ್ಟು ಅಳತೆ ಮೀರಿ ಬಿಗಿಯಾಗಿ ಬೋಲ್ಟನ್ನು ಎಳೆದುಹಾಕುತ್ತದೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತಾ ಬನ್ನಿ. ಸಣ್ಣ ಕಾರುಗಳಲ್ಲಿ ಬಿಗಿತ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ, ನಿಮ್ಮ ಕಾರಿನ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿದೆ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಪಾನಾ ಹಾಕಿ ಇನ್ನೊಮ್ಮೆ ಬಿಗಿ ನೋಡಿ. ಸುತ್ತಿಗೆಗೆಂದು ತೆಗೆದಿಟ್ಟ ಹಣದಲ್ಲಿ ತಂತಿಬ್ರಷ್ಷು, ಪೇಸ್ಟು, ಜಾಕಿನ ಕೆಳಗಿಡಲು ಒಂದಡಿ ಅಗಲದ ದಪ್ಪ ಹಲಗೆಯ ತುಂಡು ಕೊಂಡುಕೊಳ್ಳಿ. ಹಲಗೆಯನ್ನು ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆಯೇ ಇಡಿ.