ಶ್ರಮದಾನದಲ್ಲಿ ಕಾಲು ಮುರಿದರೆ ಬಿಲ್ಲು ಯಾರದು?

ಪ್ರಶ್ನೆ: ನಾವು ಕಾಸರಗೋಡಿನ ಪೆರ್ಲ ಕಡೆಯ ಒಂದು ಯುವಕ ಸಂಘದವರು. ಪ್ರತಿವರ್ಷ ಮಳೆ ಬಿಟ್ಟ ಮೇಲೆ ನೀರು ನಿಲ್ಲಿಸಲು ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡಲಾಗಿ ಕಟ್ಟ ಕಟ್ಟುತ್ತೇವೆ. ರಸ್ತೆ ಬದಿಯ ಕಾಡು ಕಡಿಯುವುದು, ಶಾಲೆ ಮೈದಾನ ಚೊಕ್ಕ ಮಾಡುವುದೂ ಇದೆ. ಕಳೆದ ಸಲ ನಮ್ಮಲ್ಲೊಬ್ಬರು ಕಲ್ಲಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮಂಗಳೂರಿನ ಆಸ್ಪತ್ರೆ ಬಿಲ್ಲಿಗೆ ಊರವರೇ ಹಣ ಒಟ್ಟು ಮಾಡಿದೆವು. ಇದು ಪಂಚಾಯತಿಗೂ ಉಪಕಾರದ ಕೆಲಸವೇ ಅಲ್ವಾ? ಅಲ್ಲಿಂದ ಏನೂ ಸಿಗುವುದಿಲ್ಲವೇ? ಸಂಘದ ಹೆಸರಿನಲ್ಲಿ ವಿಮೆ ಮಾಡಿಸಬಹುದೇ?

ಉತ್ತರ: ಶ್ರಮದಾನಕ್ಕೆ ತನ್ನಷ್ಟಕ್ಕೇ ಬರುವ ವಿಮೆ ಇಲ್ಲ. ಪಂಚಾಯತ್ ಅಧ್ಯಕ್ಷರು ಬಂದು ಉದ್ಘಾಟನೆ ಮಾಡಿ, ಫೋಟೋಕ್ಕೆ ನಿಂತರೂ ಅಷ್ಟೇ. ನಿಮ್ಮ ಹೆಸರಿನಲ್ಲಿ ಯಾರಾದರೂ ಮೊದಲೇ ಪಾಲಿಸಿ ಮಾಡಿಸಿದ್ದರೆ ಮಾತ್ರ ಹಣ ಬರುತ್ತದೆ.

ಈ ಗೊಂದಲಕ್ಕೆ ಉದ್ಯೋಗ ಖಾತರಿ ಕಾರಣ ಇರಬೇಕು. ಕೆಲಸದ ಜಾಗದಲ್ಲಿ ಪೆಟ್ಟಾದರೆ ಉಚಿತ ಚಿಕಿತ್ಸೆ, ಆಸ್ಪತ್ರೆಗೆ ಸೇರಿದರೆ ದಿನಕ್ಕೆ ಕನಿಷ್ಠ ಅರ್ಧ ಕೂಲಿ ಎಂಬ ಹಕ್ಕನ್ನು 2005ರ ಕಾಯ್ದೆಯ ಅನುಸೂಚಿಯಲ್ಲೇ ಬರೆದರು. ಆದರೆ ಅದು ಮಸ್ಟರ್ ರೋಲ್‌ನಲ್ಲಿ, ಅಂದರೆ ಕೂಲಿಯವರ ಹಾಜರಿ ಪಟ್ಟಿಯಲ್ಲಿ, ಹೆಸರಿದ್ದವರಿಗೆ. ಅದೇ ತೋಡು, ಅದೇ ಕಲ್ಲು, ಆದರೆ ಸುಮ್ನೆ ಕೈಜೋಡಿಸಲು ಬಂದವರಿಗೆ ಆ ಹಕ್ಕು ಇಲ್ಲ.

ಹಾಗಾಗಿ ಎರಡು ಹಂತದಲ್ಲಿ ಯೋಚಿಸಿ. ಮೊದಲನೆಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. 18ರಿಂದ 70 ವರ್ಷದವರಿಗೆ ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗುತ್ತದೆ. ಅಪಘಾತದಲ್ಲಿ ಸತ್ತರೆ, ಅಥವಾ ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. ಅವಧಿ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇಲ್ಲದೆ ವಿಮೆ ನಿಂತು ಹೋಗಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಪ್ರತಿ ಜೂನ್‌ನಲ್ಲಿ ಸದಸ್ಯರೆಲ್ಲರ ಪಾಸ್‌ಬುಕ್ ಒಮ್ಮೆ ನೋಡುವ ಕೆಲಸ ಸಂಘವೇ ವಹಿಸಿಕೊಳ್ಳಬಹುದು.

ನಮ್ಮ ಊರಿಗೆ ಬೇಕಾದ ಇನ್ನೊಂದು ವಿಷಯ. ಹಾವು ಕಚ್ಚುವುದು, ಮರದಿಂದ ಬೀಳುವುದು ಕೂಡ ಈ ಯೋಜನೆಯಲ್ಲಿ ಅಪಘಾತವೇ. ಇದಕ್ಕೆ ಆಸ್ಪತ್ರೆಯ ಆಗಿನ ದಾಖಲೆಯೇ ಆಧಾರ. ರಸ್ತೆ ಅಪಘಾತ, ನೀರಿನಲ್ಲಿ ಮುಳುಗಿದ ಪ್ರಕರಣವಾದರೆ ಪೊಲೀಸರಿಗೆ ತಿಳಿಸಿರಲೇಬೇಕು. ಕ್ಲೇಮ್ ಫಾರ್ಮನ್ನು 30 ದಿನದೊಳಗೆ ಬ್ಯಾಂಕಿಗೆ ಕೊಡಬೇಕು. ಹಾವು ಕಚ್ಚಿ ಸತ್ತರೆ ಕೇರಳದಲ್ಲಿ ಸರ್ಕಾರದ ಪರಿಹಾರವೂ ಇದೆ. ಅದು ಈ ವಿಮೆಯ ಲೆಕ್ಕಕ್ಕೆ ಸೇರಿದ್ದಲ್ಲ. ಬೇರೆಯಾಗಿಯೇ ಅರ್ಜಿ ಹಾಕಿ.

ಆದರೆ ಕಾಲು ಮುರಿದ ನಿಮ್ಮ ಗೆಳೆಯರಿಗೆ ಇದರಿಂದ ಒಂದು ಪೈಸೆಯೂ ಬರುತ್ತಿರಲಿಲ್ಲ. ಆಸ್ಪತ್ರೆ ಖರ್ಚು ಇದರಲ್ಲಿ ಇಲ್ಲ. ಮುರಿದ ಮೂಳೆ ಕೂಡಿಕೊಂಡರೆ ಅದು ಶಾಶ್ವತ ನಷ್ಟವೂ ಅಲ್ಲ. ಸಂಘಗಳು ಎಡವುವುದು ಇಲ್ಲೇ. ‘ಸತ್ತರೆ ಎಷ್ಟು ಸಿಗುತ್ತದೆ’ ಎಂದು ಎಲ್ಲರೂ ಕೇಳುತ್ತಾರೆ. ಶ್ರಮದಾನದಲ್ಲಿ ಆಗುವುದು ಹೆಚ್ಚಾಗಿ ಮೂಳೆ ಮುರಿತ, ಕತ್ತಿಯ ಗಾಯ, ಕಣ್ಣಿಗೆ ಹಾರಿದ ಕಲ್ಲಿನ ಚೂರು.

ಅದಕ್ಕೇ ಎರಡನೇ ಹಂತ ಬೇಕು: ಸಂಘದ ಹೆಸರಿನಲ್ಲಿ ಗುಂಪು ಅಪಘಾತ ವಿಮೆ. ಸರ್ಕಾರಿ ವಿಮಾ ಕಂಪನಿಗಳೂ ಖಾಸಗಿಯವರೂ ಕೊಡುತ್ತಾರೆ. ವಿಮೆಗಾಗಿಯೇ ಹುಟ್ಟಿದ ಗುಂಪು ಆಗಿರಬಾರದು, ಬೇರೆ ಉದ್ದೇಶಕ್ಕೆ ಮೊದಲೇ ಇರುವ ಗುಂಪಾಗಿರಬೇಕು ಎಂಬುದು ನಿಯಮ. ನೋಂದಣಿ ಇದ್ದರೆ ಮಾತು ಸುಲಭ. ಕಾಸರಗೋಡು ಹಳೆ ಮದ್ರಾಸ್ ಪ್ರಾಂತ್ಯದ ಭಾಗವಾಗಿದ್ದರಿಂದ ನಮ್ಮಲ್ಲಿ ಸಂಘಗಳ ನೋಂದಣಿ 1860ರ ಕಾಯ್ದೆಯ ಪ್ರಕಾರ. ತಿರುವಾಂಕೂರು-ಕೊಚ್ಚಿ ಕಡೆಯ 1955ರ ಕಾಯ್ದೆ ಬೇರೆ. ಆ ಕಡೆಯ ಏಜೆಂಟರು ತಪ್ಪು ಕಾಗದ ಕೇಳಿದರೆ ಗಾಬರಿ ಬೇಡ.

ಪಾಲಿಸಿ ಮಾಡಿಸುವಾಗ ‘ಚಿಕಿತ್ಸಾ ವೆಚ್ಚ ಸೇರಿಸಿದ್ದೀರಾ?’ ಎಂದು ಕೇಳಿ. ಇದು ಸಾಮಾನ್ಯವಾಗಿ ಹೆಚ್ಚುವರಿ ಹಣ ಕಟ್ಟಿ ಸೇರಿಸಿಕೊಳ್ಳುವ ಭಾಗ. ಕೇಳದಿದ್ದರೆ ಬರುವುದಿಲ್ಲ. ಕೆಲಸಕ್ಕೆ ಹೋಗಲಾಗದ ದಿನಗಳ ಪರಿಹಾರವನ್ನೂ ಕೇಳಿ. ಹೆಚ್ಚಿನ ಪಾಲಿಸಿಗಳಲ್ಲಿ ಅದು ವಾರಕ್ಕೆ ವಿಮಾ ಮೊತ್ತದ 1 ಶೇಕಡ. 2 ಲಕ್ಷದ ಪಾಲಿಸಿಯಾದರೆ ವಾರಕ್ಕೆ 2,000 ರೂಪಾಯಿ. ಅಡಿಕೆ ಕೊಯ್ದು, ತೆಂಗು ಹತ್ತಿ ದಿನಗೂಲಿಯಲ್ಲಿ ಬದುಕುವವರು ಎರಡು ತಿಂಗಳು ಮಲಗಿದರೆ ಮನೆಯ ಒಲೆ ಉರಿಯುವುದು ಇದರಿಂದಲೇ. ನನ್ನನ್ನು ಕೇಳಿದರೆ, ಸಾವಿನ ಮೊತ್ತ ಸ್ವಲ್ಪ ಕಡಿಮೆ ಮಾಡಿಯಾದರೂ ಈ ಎರಡನ್ನು ಬಿಡಬೇಡಿ.

ಅರ್ಜಿಯಲ್ಲಿ ‘ಸಮಾಜಸೇವೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ನೀರಿನಲ್ಲಿ ನಿಂತು ಕಲ್ಲು ಹೊರುವುದು, ಕಾಡು ಕಡಿಯುವ ಮೆಷಿನ್, ಮರದ ಗೆಲ್ಲು ಕಡಿಯುವುದು, ಎಲ್ಲವನ್ನೂ ಬರೆಯಿರಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗಬಹುದು. ಬರೆಯದೆ ಬಿಟ್ಟದ್ದು ಕ್ಲೇಮ್ ಹೊತ್ತಿಗೆ ಅವರ ಕೈಗೆ ಸಿಕ್ಕುವ ಮೊದಲ ಕಾರಣ. ಮತ್ತೊಂದು ಕಾರಣ ಮದ್ಯ. ಕೆಲಸ ಮುಗಿದ ಮೇಲಿನ ಗಮ್ಮತ್ತು ಕೆಲಸದ ನಡುವೆಯೇ ಶುರುವಾದರೆ ಪಾಲಿಸಿ ಇದ್ದೂ ಇಲ್ಲದಂತೆ.

ವಯಸ್ಸಿನ ಮಿತಿಯನ್ನೂ ಮೊದಲೇ ನೋಡಿ. ಏತಡ್ಕದಂಥ ಊರುಗಳ ಕಟ್ಟದ ಕೆಲಸ ಕಂಡವರಿಗೆ ಗೊತ್ತು, ಎಲ್ಲಿ ಯಾವ ಕಲ್ಲು ಕೂರಬೇಕು ಎಂದು ಹೇಳುವವರು ಹಿರಿಯರೇ. 70 ದಾಟಿದವರನ್ನು ಹೆಚ್ಚಿನ ಪಾಲಿಸಿಗಳು ಸೇರಿಸುವುದಿಲ್ಲ. ಅವರು ದಡದಲ್ಲಿ ಕುರ್ಚಿ ಹಾಕಿ ಕೂತು ಹೇಳಲಿ, ನೀರಿಗೆ ಇಳಿಯುವುದು ಬೇಡ. ಅವರು ಒಪ್ಪುತ್ತಾರೆಯೇ ಎಂಬುದು ಬೇರೆ ಪ್ರಶ್ನೆ!

ಕೂಲಿ ಕೊಟ್ಟು ಕರೆಸಿದ ಮೇಸ್ತ್ರಿಯ ಲೆಕ್ಕ ಬೇರೆ. ಅವರು ಸ್ವಯಂಸೇವಕರಲ್ಲ. ಅವರಿಗೆ ಪೆಟ್ಟಾದರೆ ಕೆಲಸ ಕೊಟ್ಟವರ ಮೇಲೆ ಪರಿಹಾರದ ಹೊಣೆ ಬರಬಹುದು. ಗುತ್ತಿಗೆದಾರರ ಮೂಲಕ ಬಂದಿದ್ದರೆ ಅವರ ವಿಮೆಯ ಪ್ರತಿ ಕೇಳಿ ಇಟ್ಟುಕೊಳ್ಳಿ.

ಪಿಕಪ್ಪಿನ ಹಿಂದೆ ಹತ್ತು ಜನ ನಿಂತು ಹೋಗುವುದನ್ನಂತೂ ನಿಲ್ಲಿಸಿ. ಸರಕಿನ ಗಾಡಿಯಲ್ಲಿ ಸುಮ್ನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಆ ಗಾಡಿಯ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ಎರಡು ದಶಕದ ಹಿಂದೆಯೇ ಹೇಳಿದೆ. ಕೊನೆಗೆ ಸಿಕ್ಕಿಬೀಳುವವರು ಉಪಕಾರಕ್ಕೆಂದು ಗಾಡಿ ಕೊಟ್ಟವರು. ಜೀಪೋ ಬಸ್ಸೋ ಮಾಡಿಕೊಳ್ಳಿ.

ಕಾಗದದ ಕೆಲಸ ದೊಡ್ಡದಲ್ಲ. ಆ ದಿನದ ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿ, ಸಂಘದ ಸಭೆಯ ನಿರ್ಣಯ, ಪಂಚಾಯತಿನ ಅನುಮತಿ ಪತ್ರ ಇರಲಿ. ಅಪಘಾತವಾದರೆ ಆಸ್ಪತ್ರೆಯ ಮೊದಲ ಚೀಟಿಯಲ್ಲೇ ‘ತೋಡಿನಲ್ಲಿ ಕೆಲಸ ಮಾಡುವಾಗ ಜಾರಿ ಬಿದ್ದು’ ಎಂದು ಬರೆಸಿ. ಗಡಿಬಿಡಿಯಲ್ಲಿ ಜೊತೆಗೆ ಹೋದವರು ಏನೋ ಒಂದು ಹೇಳಿಬಿಡುತ್ತಾರೆ. ಆಮೇಲೆ ತಿದ್ದುವುದು ಕಷ್ಟ. ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಒಳರೋಗಿ ಚಿಕಿತ್ಸೆ ಇದೆ, ಆದರೆ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವ ಮೊದಲು ಫೋನ್ ಮಾಡಿ ಕೇಳಿ.

ಪ್ರಶ್ನೆ: ನಮ್ಮ ದೇವಸ್ಥಾನದ ಬ್ರಹ್ಮಕಲಶಕ್ಕೆ ನೂರಾರು ಸ್ವಯಂಸೇವಕರು ಬರುತ್ತಾರೆ. ಒಂದು ವಾರಕ್ಕೆ ಮಾತ್ರ ವಿಮೆ ಸಿಗುತ್ತದೆಯೇ? (ಬದಿಯಡ್ಕ)

ಉತ್ತರ: ಸಿಗುತ್ತದೆ. ಹೆಸರಿನ ಪಟ್ಟಿ ಕೊಟ್ಟೋ, ಹೆಸರಿಲ್ಲದೆ ಇಷ್ಟು ಜನ ಎಂದೋ ಮಾಡಿಸಬಹುದು. ಬರುವವರು ದಿನದಿನಕ್ಕೆ ಬದಲಾಗುವುದರಿಂದ ನಿಮಗೆ ಎರಡನೆಯದೇ ಅನುಕೂಲ. ಬ್ಯಾಡ್ಜ್ ಸಂಖ್ಯೆ ಬರೆದಿಡಿ. ಆದರೆ ಇದು ಸ್ವಯಂಸೇವಕರಿಗೆ ಮಾತ್ರ. ಚಪ್ಪರ ಕುಸಿದು ಭಕ್ತರಿಗೆ ಪೆಟ್ಟಾದರೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಬೇಕು. ಅದರಲ್ಲಿ ಸಿಡಿಮದ್ದು ಸೇರಿದೆಯೇ ಎಂದು ಬರಹದಲ್ಲೇ ಕೇಳಿ. 2024ರ ಅಕ್ಟೋಬರ್‌ನಲ್ಲಿ ನೀಲೇಶ್ವರದಲ್ಲಿ ತೆಯ್ಯಂ ಹೊತ್ತಿಗೆ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನರಿಗೆ ಗಾಯವಾದದ್ದು ನೆನಪಿದೆಯಲ್ಲ. ಅನುಮತಿ ಇಲ್ಲದೆ ಇಟ್ಟ ಸಿಡಿಮದ್ದಿಗೆ ಯಾವ ಪಾಲಿಸಿಯನ್ನೂ ನಂಬಬೇಡಿ.

ಪ್ರಶ್ನೆ: ಸಂಘದ ಪಾಲಿಸಿಯನ್ನು ಮಂಗಳೂರಿನ ಶಾಖೆಯಲ್ಲಿ ಮಾಡಿಸಿದ್ದೆವು. ಕ್ಲೇಮ್ ತಿರಸ್ಕರಿಸಿದ್ದಾರೆ. ದೂರು ಎಲ್ಲಿ ಕೊಡಬೇಕು? (ಉಪ್ಪಳ)

ಉತ್ತರ: ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ವಿಮಾ ಒಂಬುಡ್ಸ್‌ಮನ್‌ಗೆ (ವಿಮೆಯ ದೂರು ವಿಚಾರಿಸುವ ಅಧಿಕಾರಿಗೆ) ಹೋಗಬಹುದು. ದೂರು ಕೊಡುವವರ ಮನೆ ಇರುವ ಜಾಗ ಅಥವಾ ಕಂಪನಿಯ ಶಾಖೆ ಇರುವ ಜಾಗ, ಎರಡರಲ್ಲಿ ಯಾವುದಾದರೂ ಆಗುತ್ತದೆ. ಹಾಗಾಗಿ ನಿಮಗೆ ಕೊಚ್ಚಿಯೂ ಆಗುತ್ತದೆ, ಬೆಂಗಳೂರೂ ಆಗುತ್ತದೆ. ಕನ್ನಡದಲ್ಲಿ ಮಾತಾಡಿ ಮುಗಿಸಬೇಕೆಂದಿದ್ದರೆ ಬೆಂಗಳೂರು ಒಳ್ಳೆಯದು. ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಸೇರಿರಬೇಕು.