ಜಾಝ್ ಕಛೇರಿಯಲ್ಲಿ ತಾಳ ಎಲ್ಲಿದೆ?

ಪ್ರಶ್ನೆ: ಚಾಮರಾಜಪೇಟೆಯ ರಾಮನವಮಿ ಕಛೇರಿಗಳನ್ನು ಬಹುಕಾಲದಿಂದ ಕೇಳುತ್ತ ಬಂದವಳು ನಾನು. ಈಚೆಗೆ ನಗರದ ಸಂಗೀತೋತ್ಸವವೊಂದರಲ್ಲಿ ಸ್ಯಾಕ್ಸೊಫೋನ್, ಪಿಯಾನೊ, ಡಬಲ್ ಬಾಸ್, ಡ್ರಮ್ಸ್ ಇದ್ದ ಜಾಝ್ ತಂಡವನ್ನು ಕೇಳಿದೆ. ಆರಂಭದ ಧಾಟಿ ಹಿಡಿಸಿತು, ಆಮೇಲೆ ಅದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಸಭಿಕರು ನಡುನಡುವೆ ಚಪ್ಪಾಳೆ ತಟ್ಟಿದ್ದೇಕೆ? ಮುಂದಿನ ಸಲ ಏನನ್ನು ಗಮನಿಸಲಿ?
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ತಾಳ ಹಾಕುತ್ತ ಕೇಳುವ ಅಭ್ಯಾಸ ನಿಮಗಿರುವುದರಿಂದ ಜಾಝ್ ಕೇಳಲು ಬೇಕಾದ ಮುಖ್ಯ ಸಿದ್ಧತೆ ಆಗಲೇ ಆಗಿದೆ. ಧಾಟಿ ಮುಗಿದರೂ ಅದರ ಚೌಕಟ್ಟು ಮುಗಿಯುವುದಿಲ್ಲ. ಹಳೆಯ ಜನಪ್ರಿಯ ರಚನೆಗಳಲ್ಲಿ ಬಹಳಷ್ಟು, ಎಣಿಕೆಗಳ ಗುಂಪಾದ ಬಾರ್ ಲೆಕ್ಕದಲ್ಲಿ, 32 ಬಾರ್‌ಗಳವು, ಬ್ಲೂಸ್ ಎಂಬ ಪ್ರಕಾರದವಾದರೆ ಸಾಮಾನ್ಯವಾಗಿ 12. ಬಾರೊಂದಕ್ಕೆ ನಾಲ್ಕು ಎಣಿಕೆಯಂತೆ 128 ಅಥವಾ 48 ಎಣಿಕೆಗಳಿಗೊಮ್ಮೆ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಅದೇ ಸರಣಿ ತಾಳದ ಆವರ್ತನದಂತೆ ಮರಳುತ್ತದೆ. ಸ್ಯಾಕ್ಸೊಫೋನ್ ವಾದಕರು ಮನೋಧರ್ಮದಿಂದ, ಅಂದರೆ ಆ ಕ್ಷಣದ ಕಲ್ಪನೆಯಿಂದ, ಹೆಣೆಯುವುದೆಲ್ಲ ಈ ಆವರ್ತನದೊಳಗೇ. ಸ್ಥಳದಲ್ಲೇ ಸ್ವರ ಹೆಣೆಯುವ ನಮ್ಮ ಕಲ್ಪನಾಸ್ವರದಲ್ಲಿ ಸಾಮಾನ್ಯವಾಗಿ ರಾಗ ಒಂದೇ ಇರುತ್ತದೆ, ಇಲ್ಲಿ ಕಾರ್ಡ್ ಬದಲಾದಂತೆ ನಿಂತು ಸೊಗಸುವ ಸ್ವರಗಳೂ ಬದಲಾಗುತ್ತವೆ. ದಾರಿ ತಪ್ಪಿದಂತೆ ನಿಮಗೆ ಅನಿಸಿದ್ದು ಬಹುಶಃ ಇದರಿಂದಲೇ.

ಆದ್ದರಿಂದ ಮುಂದಿನ ಸಲ ಒಂದು ರಚನೆ ಮುಗಿಯುವವರೆಗೆ ಡಬಲ್ ಬಾಸ್ ಒಂದನ್ನೇ ಕೇಳಿ. ಆಳೆತ್ತರದ ಆ ವಾದ್ಯವನ್ನು ವಾದಕರು ಹೆಚ್ಚಾಗಿ ಕಮಾನಿಲ್ಲದೆ ಬೆರಳಿನಿಂದಲೇ ಮೀಟುತ್ತ, ಎಣಿಕೆಗೊಂದು ಸ್ವರ ಇಟ್ಟುಕೊಂಡು ಸಾಗುತ್ತಾರೆ. ಡ್ರಮ್ಸ್ ವಾದಕರ ಎಡಗಾಲಿನ ಅಂಕೆಯಲ್ಲಿರುವ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಗಳು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ‘ಚಿಕ್’ ಎಂದು ಕೂಡಿಕೊಳ್ಳುತ್ತವೆ. ಇವೆರಡರ ಮೇಲೆ ಕಿವಿಯಿಟ್ಟು, ಆರಂಭದ ಧಾಟಿಯನ್ನು ಮನಸ್ಸಿನಲ್ಲೇ ಗುನುಗುತ್ತಿದ್ದರೆ ಆವರ್ತನ ಎಲ್ಲಿ ಮತ್ತೆ ಶುರುವಾಯಿತೆಂಬುದು ನಿಮಗೇ ಗೊತ್ತಾಗುತ್ತದೆ.

ಚಪ್ಪಾಳೆ ಒಬ್ಬ ವಾದಕರ ಸರದಿ ಮುಗಿದಾಗ ಸಲ್ಲುವ ಮೆಚ್ಚುಗೆ. ಪದ್ಧತಿ ಒಳ್ಳೆಯದೇ, ಆದರೆ ಅದು ದೀರ್ಘವಾದರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಸ್ಯಾಕ್ಸೊಫೋನಿನ ಕೊನೆಯ ತುಣುಕನ್ನೇ ಪಿಯಾನೊ ವಾದಕರು ಎತ್ತಿಕೊಂಡು ತಮ್ಮ ಸರದಿ ಆರಂಭಿಸುವುದುಂಟು. ಆ ಚೆಲುವು ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಕೊನೆಗೆ ಬರುವ, ನಾಲ್ಕು ನಾಲ್ಕು ಬಾರ್‌ಗಳನ್ನು ಹಂಚಿಕೊಂಡು ಡ್ರಮ್ಸ್ ಜೊತೆ ನಡೆಯುವ ಸವಾಲ್-ಜವಾಬು, ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಬಲ್ಲ ನಿಮಗೆ ಖಂಡಿತ ರುಚಿಸುತ್ತದೆ.

ಅಷ್ಟರೊಳಗೆ ಮನೆಯಲ್ಲಿ ಕೇಳಲು 1983ರ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು ಸೂಚಿಸುತ್ತೇನೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರ ಬಳಗ ಅದರಲ್ಲಿ ಅಮೆರಿಕದ ಜಾಝ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ಕೂಡಿ ನುಡಿಸಿದೆ. ಅಲ್ಲಿ ತಾಳ ನಿಮಗೆ ಪರಿಚಿತವಾದದ್ದೇ, ಸ್ಯಾಕ್ಸೊಫೋನಿನ ನಡೆಯನ್ನು ಮಾತ್ರ ಹೊಸದಾಗಿ ಹಿಂಬಾಲಿಸಿದರಾಯಿತು.